ಟೋರ್ಕೋಲಿಗೆ ಎಷ್ಟು ಕೇಳಬೇಕು?

ಮಾಣಿ, ಡಿಸೆಂಬರಿನಲ್ಲಿ ನ್ಯೂಜೆರ್ಸಿಯಿಂದ ಅನಘಾ ಬರುವಾಗ ಒಂದು ಟೌರೋಸ್ ತರುತ್ತಾಳಂತೆ, ಬದಲಿಗೆ ನಿನ್ನ ಟೋರ್ಕೋಲ್ ಬೇಕಂತೆ. ‘ಅಜ್ಜ, ಇದು ಫೇರ್ ಟ್ರೇಡಾ?’ ಎಂದು ಕೇಳಿದೆ. ಫೋನಿನಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ಯೋಚಿಸಿದರೆ ನಿನ್ನ ಆ ಒಂದು ಪ್ರಶ್ನೆಯ ಹಿಂದೆ ಇನ್ನೂ ನಾಲ್ಕಾರು ಪ್ರಶ್ನೆಗಳು ಸಾಲುಗಟ್ಟಿವೆ ಅನ್ನಿಸಿತು. ಹಾಗಾಗಿ ಬರೆದೇ ಹೇಳುತ್ತಿದ್ದೇನೆ. ನಾನು ಪೋಕೆಮಾನ್ ಗೋ ಹಿಡಿದದ್ದು ಸಕ್ಕರೆ ಕಾಯಿಲೆಗೆ ದಿನಾ ನಡೆಯಲೇಬೇಕೆಂದು ಡಾಕ್ಟರು ಗದರಿದ ಮೇಲೆ. ಆದರೆ ಅಡಿಕೆ ಮಂಡಿಯಲ್ಲಿ ಜೀವಮಾನ ಕಳೆದವನಿಗೆ ಎಲ್ಲಿ ಕೊಡು–ಕೊಳ್ಳು ಕಂಡರೂ ಕೈ ತುರಿಸುತ್ತದೆ, ಏನು ಮಾಡುವುದು.

ಟೋರ್ಕೋಲ್ ನಿನಗೆ ಕಸ. ಬೆಂಗಳೂರಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬೆನ್ನಿನ ಮೇಲೆ ಹೊಗೆ ಬಿಡುತ್ತ ಎದುರಿಗೆ ಬಂದು ನಿಲ್ಲುತ್ತದೆ. ನೀನು ಅದನ್ನು ಹಿಡಿದು, ನೋಡಿ, ಒಂದು ಕ್ಯಾಂಡಿಗಾಗಿ ಪ್ರೊಫೆಸರನಿಗೆ ಕಳಿಸಿಬಿಡುತ್ತೀ. ಆಟ ಮಾಡಿದವರು ಈ ಆಮೆಯನ್ನು ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಕಡೆಗೆ ಮಾತ್ರ ಬಿಟ್ಟಿದ್ದಾರೆ ಅನ್ನುವುದು ನಮಗೆ ನೆನಪೇ ಇರುವುದಿಲ್ಲ, ಇಲ್ಲೇ ಇರುತ್ತೇವಲ್ಲ. ಅಲ್ಲಿ ಅನಘಾಳಿಗೆ ಟೌರೋಸ್ ಕೂಡ ಹೀಗೆಯೇ. ಅದು ಉತ್ತರ ಅಮೆರಿಕದ ಗೂಳಿ. ಅವಳ ಬೀದಿಯಲ್ಲಿ ಬೇಡ ಬೇಡ ಎಂದರೂ ಸಿಗುತ್ತದೆ. ಕಾಂಗಸ್ಕಾನ್ ಆಸ್ಟ್ರೇಲಿಯಾದ್ದು, ಮಿಸ್ಟರ್ ಮೈಮ್ ಯುರೋಪಿನದು, ಫಾರ್‌ಫೆಚ್ಡ್ ಜಪಾನಿನ ಕಡೆಯದು. ಒಂದೊಂದು ಊರಿನ ಕಸ ಇನ್ನೊಂದು ಊರಿನವರಿಗೆ ವಿಮಾನದ ಟಿಕೆಟ್ಟಿನಷ್ಟು ದೂರ.

ಆದ್ದರಿಂದ ಒಂದು ಪ್ರಾಣಿಯ ಬೆಲೆ ಕಟ್ಟುವಾಗ ‘ಇದು ಎಷ್ಟು ಅಪರೂಪ?’ ಎಂದು ಶುರುಮಾಡಬೇಡ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಎಲ್ಲಿ, ಯಾರಿಗೆ ಎಂದು ತಿಳಿಯದೆ ಅಪರೂಪ ಎಂಬ ಮಾತಿಗೆ ಅರ್ಥವಿಲ್ಲ. ಹೀಗೆ ಕೇಳಿಕೋ: ಈ ಟ್ರೇಡ್ ಆಗದೇ ಹೋದರೆ ಎದುರಿನವನಿಗೆ ಇದು ಸಿಗುವ ಬೇರೆ ದಾರಿ ಯಾವುದು? ನಾನು ಕೊಟ್ಟುಬಿಟ್ಟರೆ ನನಗೆ ಮತ್ತೆ ಸಿಗುವ ದಾರಿ ಯಾವುದು? ಈ ಎರಡು ದಾರಿಗಳ ಉದ್ದ ನೋಡಿದರೆ ಬೆಲೆ ತಾನಾಗಿ ಗೊತ್ತಾಗುತ್ತದೆ. ಅನಘಾಳ ವಿಷಯದಲ್ಲಿ ಇಬ್ಬರೂ ಮನೆ ಬಾಗಿಲಲ್ಲಿ ಬಿದ್ದದ್ದನ್ನು ಕೊಟ್ಟು, ಸಮುದ್ರದಾಚೆಯದನ್ನು ತಗೊಳ್ಳುತ್ತೀರಿ. ಅದಕ್ಕೇ ನಾನು ಹೂಂ ಅಂದದ್ದು. ಅದರ ಮೇಲೆ ಬಣ್ಣ ಬೇರೆಯಾದ ಒಂದು ಶೈನಿಯನ್ನೂ ಕೇಳಲಾ ಎಂದು ನೀನು ಮೆಲ್ಲಗೆ ಸೇರಿಸಿದೆಯಲ್ಲ, ಅದನ್ನು ಕೇಳಬೇಡ. ನಿನ್ನ ಟೋರ್ಕೋಲ್ ಬೆಂಗಳೂರಿಗೆ ಬಂದಿಳಿದವಳಿಗೆ ಎರಡೇ ದಿನದಲ್ಲಿ ತಾನಾಗಿ ಸಿಗುತ್ತದೆ. ನಿನಗೆ ಟೌರೋಸ್ ಸಿಗಬೇಕಾದರೆ ಅವಳೇ ಬೇಕು. ಲೆಕ್ಕ ಹಾಕಿದರೆ ಅವಳ ಕೈಯೇ ಮೇಲು.

ಇನ್ನು ನಿಮ್ಮ ಅಪಾರ್ಟ್‌ಮೆಂಟಿನ ಹುಡುಗ ‘ನೂರಕ್ಕೆ ನೂರು ಇರುವ ಮಚಾಂಪ್ ಕೊಡುತ್ತೇನೆ, ನಿನ್ನ ಶೈನಿ ಕೊಡು’ ಎಂದು ಬೆನ್ನು ಬಿದ್ದಿದ್ದಾನೆ ಎಂದೆಯಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಆಟದಲ್ಲಿ ಹೆಚ್ಚಿನ ಮಕ್ಕಳು ಮುಗ್ಗರಿಸುವುದು ಇದೇ ಜಾಗದಲ್ಲಿ. ಒಂದು ಪೋಕೆಮಾನನ್ನು ಅಪ್ರೈಸ್ ಮಾಡಿದಾಗ ದಾಳಿ, ರಕ್ಷಣೆ, ಹೆಚ್‌ಪಿ ಎಂದು ಮೂರು ಪಟ್ಟಿ ಕಾಣುತ್ತವೆ. ಒಂದೊಂದರಲ್ಲೂ 0ಯಿಂದ 15ರವರೆಗೆ ಅಂಕ. ಮೂರೂ ತುಂಬಿ ಕೆಂಪಾಗಿದ್ದರೆ ಅದು ನೂರು. ಕಾಡಿನಲ್ಲಿ ಸುಮ್ಮನೆ ಹಿಡಿದದ್ದು ಹೀಗಿರುವ ಸಂಭವ 4096ಕ್ಕೆ ಒಂದು. ಹದಿನಾರನ್ನು ಮೂರು ಸಲ ಗುಣಿಸಿ ನೋಡು. ಹೆಮ್ಮೆ ಪಡುವಂಥದ್ದೇ. ಆದರೆ ಟ್ರೇಡ್ ಆದ ಕ್ಷಣ ಆ ಮೂರೂ ಅಂಕಗಳನ್ನು ಆಟ ಅಳಿಸಿ ಹೊಸದಾಗಿ ಬರೆಯುತ್ತದೆ. ಅವನ ನೂರು ನಿನ್ನ ಕೈಗೆ ಬರುವಾಗ ನಲವತ್ತೂ ಆಗಿರಬಹುದು, ಅರವತ್ತೂ ಆಗಿರಬಹುದು. ಇಬ್ಬರೂ ಬೆಸ್ಟ್ ಫ್ರೆಂಡ್ ಮಟ್ಟದಲ್ಲಿದ್ದರೆ ಯಾವ ಅಂಕವೂ 5ಕ್ಕಿಂತ ಕೆಳಗಿಳಿಯುವುದಿಲ್ಲ, ಅಷ್ಟೇ ಭರವಸೆ. ಆಗಲೂ ಮೂರೂ 15 ಬರುವ ಸಂಭವ 1331ಕ್ಕೆ ಒಂದು. ಅಂದರೆ ಆ ಹುಡುಗ ಮಾರುತ್ತಿರುವುದು ತನ್ನ ಕೈಯಿಂದ ದಾಟಲಾರದ ಗುಣವನ್ನು. ಅವನಿಗೆ ಅದು ಗೊತ್ತಿಲ್ಲದೆಯೂ ಇರಬಹುದು; ಕೆಟ್ಟದಾಗಿ ಯೋಚಿಸಬೇಡ, ವಿಷಯ ತಿಳಿಸು.

ದಾಟುವುದು ಯಾವುದು ಹಾಗಾದರೆ? ಶೈನಿಯ ಬಣ್ಣ ದಾಟುತ್ತದೆ. ಟೋಪಿ–ಗೀಪಿ ಹಾಕಿಕೊಂಡ ಪಿಕಾಚುವಿನ ವೇಷ ದಾಟುತ್ತದೆ. ಕಲಿತ ಪಟ್ಟು ದಾಟುತ್ತದೆ. ಒಂದೇ ಒಂದು ದಿನ ಮಾತ್ರ ಕಲಿಸಿದ ಪಟ್ಟು ಇರುವ ಹಳೆಯ ಪೋಕೆಮಾನಿಗೆ ಕಾದಾಡುವವರು ಹೆಚ್ಚು ಬೆಲೆ ಕೊಡುವುದು ಅದಕ್ಕೇ. ಎಲ್ಲಿ ಹಿಡಿದದ್ದು, ಯಾವಾಗ ಹಿಡಿದದ್ದು ಎಂಬುದೂ ದಾಟುತ್ತದೆ. ಈ ಕೊನೆಯ ಎರಡನ್ನು ನಿನ್ನ ವಯಸ್ಸಿನವರು ನೋಡುವುದೇ ಇಲ್ಲ. ನನ್ನ ಪ್ರಕಾರ ಹೆಚ್ಚಿನ ಸ್ವಾರಸ್ಯ ಇರುವುದು ಅಲ್ಲಿಯೇ.

ನಿನ್ನ ಅಪ್ಪನ ಹಳೆಯ ಖಾತೆ ಇದೆಯಲ್ಲ, ಭಾರತಕ್ಕೆ ಆಟ ಅಧಿಕೃತವಾಗಿ ಬಂದ 2016ರ ಡಿಸೆಂಬರಿನಲ್ಲಿ, ಜಿಯೋ ಅಂಗಡಿಗಳೆಲ್ಲ ಪೋಕೆಸ್ಟಾಪ್ ಆಗಿದ್ದ ಕಾಲದಲ್ಲಿ, ಆಫೀಸಿಗೆ ಹೋಗುತ್ತ ಬರುತ್ತ ಹಿಡಿದದ್ದೆಲ್ಲ ಅದರಲ್ಲಿ ಕೊಳೆಯುತ್ತಿದೆ. ತೆರೆದು ಒಂದು ಪಿಜಿ ಹಕ್ಕಿಯನ್ನು ಮುಟ್ಟಿ ಕೆಳಗೆ ಸರಿಸಿದರೆ ಹಿಡಿದ ತಾರೀಖು ಕಾಣುತ್ತದೆ. ಸಿಪಿ, ಅಂದರೆ ಕಾದಾಟದ ಬಲ, ಎಷ್ಟಿದೆ ಎಂದು ನೋಡಲೇಬೇಡ, ನಗು ಬರುತ್ತದೆ. ಆದರೆ ಟ್ರೇಡ್ ಮಾಡುವಾಗ ಪೋಕೆಮಾನ್ ಹಳೆಯದಾದಷ್ಟೂ ಎರಡೂ ಕಡೆಯದು ‘ಲಕ್ಕಿ’ ಆಗುವ ಸಂಭವ ಹೆಚ್ಚು. ಲಕ್ಕಿ ಆದರೆ ಮೂರು ಅಂಕಗಳೂ 12 ಅಥವಾ ಅದಕ್ಕಿಂತ ಮೇಲೆ, ನೂರು ಬರುವ ಸಂಭವ 64ಕ್ಕೆ ಒಂದಕ್ಕೆ ಏರುತ್ತದೆ, ಬಲಪಡಿಸಲು ಅರ್ಧ ಸ್ಟಾರ್‌ಡಸ್ಟ್ ಸಾಕು. ಹಾಗಾಗಿ ಅಪ್ಪನ ಆ ಬಡಪಾಯಿ ಪಿಜಿಯ ಬೆಲೆ ಇರುವುದು ರೆಕ್ಕೆಯಲ್ಲಿ ಅಲ್ಲ, ತಾರೀಖಿನಲ್ಲಿ. ಅದನ್ನು ಇನ್ನೊಂದು ಪಿಜಿಗೆ ಕೊಟ್ಟು ಹಾಳು ಮಾಡಬೇಡ. ಎದುರಿನವರ ಬಳಿ ನಿನಗೆ ನಿಜವಾಗಿ ಬೆಳೆಸಬೇಕೆನಿಸುವ ಪ್ರಾಣಿ ಇದ್ದಾಗ ಹೊರಗೆ ತೆಗೆ.

ಜಾಗದ ಲೆಕ್ಕವೂ ಹೀಗೆಯೇ. ಎರಡು ಪೋಕೆಮಾನುಗಳನ್ನು ಹಿಡಿದ ಜಾಗಗಳ ನಡುವಿನ ದೂರ 10 ಕಿಲೋಮೀಟರಿನೊಳಗೆ ಇದ್ದರೆ ಟ್ರೇಡಿಗೆ ಒಂದು ಕ್ಯಾಂಡಿ, 100 ಕಿಲೋಮೀಟರ್ ದಾಟಿದರೆ ಮೂರು. ನೀನು ರಜೆಗೆ ಶಿರಸಿಗೆ ಬಂದಾಗ ದೇವಿಕೆರೆಯ ಸುತ್ತ ಹಿಡಿದ ಏನೇನೋ ಮಾಮೂಲಿ ಸಾಮಾನು ಬೆಂಗಳೂರಿಗೆ ಹೊತ್ತುಕೊಂಡು ಹೋಗುತ್ತಲೇ ಮೂರು ಪಟ್ಟು ಆಗುತ್ತದೆ. ಇಲ್ಲಿ ಹಿಡಿದು ಇಲ್ಲಿಯೇ ಕಳಿಸಿಬಿಡುವುದು ದಡ್ಡತನ. ನಿನ್ನ ಸ್ನೇಹಿತರಿಗೂ ಹೇಳು: ಊರಿಗೆ ಹೋಗುವವರು, ಕಾರವಾರವೋ ಕಲಬುರಗಿಯೋ, ಚೀಲ ಖಾಲಿ ಮಾಡಿಕೊಂಡು ಹೋಗಿ ತುಂಬಿಕೊಂಡು ಬರಲಿ.

ನೀನು ಕಳಿಸಿದ ಬೆಲೆಪಟ್ಟಿ ನೋಡಿದೆ. ಯಾರೋ ಕಷ್ಟಪಟ್ಟು ಮಾಡಿದ್ದಾರೆ. ಒಂದೊಂದು ಶೈನಿಗೂ ಇಷ್ಟಿಷ್ಟು ಅಂಕ ಎಂದು. ಅದನ್ನು ದಿಕ್ಕು ತೋರಿಸುವ ಕೈಮರವಾಗಿ ಇಟ್ಟುಕೋ, ತಕ್ಕಡಿಯಾಗಿ ಅಲ್ಲ. ಮಂಡಿಯಲ್ಲಿ ನಾನು ಕಂಡದ್ದು ಇದು: ರಾಶಿ ಅಡಿಕೆಯ ಅದೇ ಮೂಟೆ, ಅದೇ ಬಣ್ಣ, ಅದೇ ಒಣಗು. ಹೊರದೇಶದ ಅಡಿಕೆ ಬಂದರಿಗೆ ಬಂದಿದೆಯಂತೆ ಎಂಬ ಒಂದು ಸುದ್ದಿ ಸಾಕು, ಟೆಂಡರ್ ಚೀಟಿಯಲ್ಲಿ ಬೀಳುವ ಸಂಖ್ಯೆ ಬೇರೆ. ಮೂಟೆಯಲ್ಲಿ ಒಂದು ಕಾಳೂ ಬದಲಾಗಿರುವುದಿಲ್ಲ. ನಿನ್ನ ಆಟದಲ್ಲಿ ಆ ಬಂದರಿನ ಕೀಲಿ ಒಬ್ಬರದೇ ಕೈಯಲ್ಲಿದೆ, ಆಟ ನಡೆಸುವ ಕಂಪನಿಯ ಕೈಯಲ್ಲಿ. ಅವರು ತೆರೆದ ದಿನ ಪಟ್ಟಿ ಹಳತಾಗುತ್ತದೆ.

ಮ್ಯೂಟೂವನ್ನೇ ತಗೋ. ಮೊದಲು ಅದು ಇಎಕ್ಸ್ ರೇಡ್ ಎಂಬ ಆಹ್ವಾನದ ಕಾದಾಟದಲ್ಲಿ ಮಾತ್ರ. ಪಾಸು ಸಿಕ್ಕವನು ಆ ದಿನ, ಆ ಹೊತ್ತಿಗೆ, ಆ ಜಿಮ್ಮಿಗೆ ಹೋಗಬೇಕು. ಪಾಸು ಸಿಕ್ಕವರ ನಡಿಗೆಯೇ ಬೇರೆ ಇತ್ತು! 2018ರ ಸೆಪ್ಟೆಂಬರಿನಲ್ಲಿ ಅದನ್ನು ಎಲ್ಲರ ರೇಡಿಗೂ ಬಿಟ್ಟರು, ಒಂದು ತಿಂಗಳು. ಅಲ್ಲಿಗೆ ಮುಗಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಲ್ಟ್ರಾ ಬೋನಸ್ ಎಂದು ಒಂದು ಹಬ್ಬ ಮಾಡಿ, ಟೌರೋಸ್, ಕಾಂಗಸ್ಕಾನ್, ಮಿಸ್ಟರ್ ಮೈಮ್, ಫಾರ್‌ಫೆಚ್ಡ್ ನಾಲ್ಕನ್ನೂ 7 ಕಿಲೋಮೀಟರಿನ ಮೊಟ್ಟೆಯಲ್ಲಿ ಇಟ್ಟುಬಿಟ್ಟರು. ವಿದೇಶದ ಸ್ನೇಹಿತನಿಗಾಗಿ ವರ್ಷಗಟ್ಟಲೆ ಕಾದವರು ಮನೆಯ ಸುತ್ತಲೇ ನಡೆದು ಮೊಟ್ಟೆ ಒಡೆದುಕೊಂಡರು. ಹಬ್ಬ ಮುಗಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು, ಬೆಲೆ ನಿಧಾನಕ್ಕೆ ಏರಿತು. ಹಾಗೆಯೇ ಶೈನಿ. ಆಟದಲ್ಲಿ ಮೊದಲ ಶೈನಿ ಬಂದದ್ದು 2017ರ ಮಾರ್ಚಿನಲ್ಲಿ, ಚಿನ್ನದ ಬಣ್ಣದ ಮ್ಯಾಜಿಕಾರ್ಪ್. ಮಾಮೂಲು ದಿನದಲ್ಲಿ ಐನೂರಕ್ಕೆ ಒಂದರ ಆಸುಪಾಸು ಶೈನಿ ಬರುತ್ತದೆ ಎಂದು ಆಟಗಾರರು ಎಣಿಸಿ ಎಣಿಸಿ ಕಂಡುಕೊಂಡಿದ್ದಾರೆ. 2018ರ ಜನವರಿಯಿಂದ ಶುರುವಾದ, ಒಂದು ಪ್ರಾಣಿಯೇ ಹೇರಳವಾಗಿ ಬರುವ ಕಮ್ಯುನಿಟಿ ಡೇಯಲ್ಲಿ ಅದೇ ಇಪ್ಪತ್ತೈದಕ್ಕೆ ಒಂದರ ಹತ್ತಿರ. ಮೂರು ಗಂಟೆ ಕಬ್ಬನ್ ಪಾರ್ಕಿನಲ್ಲಿ ಸುತ್ತಿದವನ ಚೀಲದಲ್ಲಿ ಹತ್ತು ಹದಿನೈದು ಶೈನಿ ಬಂದು ಕೂರುತ್ತವೆ. ಕಮ್ಯುನಿಟಿ ಡೇ ಆಗಿಹೋದದ್ದೋ, ಆಗಬೇಕಾದದ್ದೋ ಎಂದು ಕೇಳದೆ ಯಾವ ಶೈನಿಗೂ ಕೈ ಚಾಚಬೇಡ. ಆಗಿಲ್ಲದ್ದಕ್ಕೆ ಬೆಲೆ ಹೆಚ್ಚು ಎನ್ನುವರು. ನಾನು ಹೇಳುವುದು, ಆ ಬೆಲೆಯಲ್ಲಿ ಬೀಳುವ ಭಯವೂ ಸೇರಿದೆ ಎಂದು ಹಿಡಿದುಕೋ.

ಪೂರೈಕೆ ಎಷ್ಟೇ ಇದ್ದರೂ ಕೆಲವಕ್ಕೆ ಬೇಡಿಕೆ ಇಳಿಯುವುದಿಲ್ಲ. ಶೈನಿ ಚಾರಿಜಾರ್ಡ್ ಕಪ್ಪು ಡ್ರ್ಯಾಗನ್. ಎಲ್ಲರ ಹತ್ತಿರವೂ ಇದೆ, ಆದರೂ ಎಲ್ಲರಿಗೂ ಇನ್ನೊಂದು ಬೇಕು. ಶೈನಿ ಗೆಂಗಾರ್ ಇದೆ, ಅದನ್ನೂ ಮಾಮೂಲು ಗೆಂಗಾರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ನನ್ನ ಕನ್ನಡಕಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಂದಕ್ಕೂ ಬೆಲೆ ಉಂಟು. ಅದು ಯಾವ ಸೂತ್ರಕ್ಕೂ ಸಿಗುವುದಿಲ್ಲ, ಬಿಡು.

ಕೇಳುವ ಬೆಲೆಗೂ ಸಿಗುವ ಬೆಲೆಗೂ ಇರುವ ಅಂತರ ತಿಳಿಯಬೇಕಾದರೆ ಈ ಆಟಕ್ಕಿಂತ ಹಿಂದಿನದನ್ನು ನೋಡಬೇಕು. 2006ರಲ್ಲಿ ಜಪಾನಿನಲ್ಲಿ ಡೈಮಂಡ್, ಪರ್ಲ್ ಎಂಬ ಪೋಕೆಮಾನ್ ಆಟಗಳು ಬಂದಾಗ ಜಿಟಿಎಸ್ ಎಂಬ ಜಾಗತಿಕ ವಿನಿಮಯ ಕಟ್ಟೆ ಶುರುವಾಯಿತು. ನಿನ್ನದನ್ನು ಅಲ್ಲಿ ಇಟ್ಟು, ಬದಲಿಗೆ ಇಂಥದ್ದು ಬೇಕು ಎಂದು ಚೀಟಿ ಅಂಟಿಸುವುದು. ಜನ ಏನು ಕೇಳಿದರು ಗೊತ್ತಾ? ಬೀದಿಯಲ್ಲಿ ಸಿಗುವ ಬೀಡೂಫ್ ಇಟ್ಟು ಪೌರಾಣಿಕ ಪ್ರಾಣಿ ಕೇಳುವುದು. ಅದೂ ಹತ್ತನೇ ಲೆವೆಲ್ಲಿಗೂ ಕೆಳಗಿನದು, ಆ ಪ್ರಾಣಿ ಆ ಲೆವೆಲ್ಲಿನಲ್ಲಿ ಹುಟ್ಟುವುದೇ ಇಲ್ಲ. ಇಂಥ ಚೀಟಿಗಳು ಸಾಲುಸಾಲು. ಅವನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೀಡೂಫ್ ರತ್ನದ ಬೆಲೆ ಬಾಳುತ್ತದೆ! ಹಾಗಾಗಿ ಯಾರು ಏನು ಕೇಳಿದರು ಎನ್ನುವುದನ್ನು ಕಿವಿಗೆ ಹಾಕಿಕೊಳ್ಳಬೇಡ. ಯಾವುದಕ್ಕೆ ಯಾವುದು ಕೊಟ್ಟು ಕೈ ಕುಲುಕಿದರು, ಅದನ್ನು ವಿಚಾರಿಸು. ಮುಗಿದ ವ್ಯವಹಾರ ಮಾತ್ರ ಸಾಕ್ಷಿ.

ಇನ್ನೊಂದು ನಿಯಮವನ್ನು ನೀನು ಅಡ್ಡಿ ಎಂದುಕೊಂಡಿದ್ದೀ, ನಾನು ಅದನ್ನು ಈ ಆಟದ ಬುದ್ಧಿವಂತಿಕೆ ಅನ್ನುತ್ತೇನೆ: ಒಮ್ಮೆ ಟ್ರೇಡ್ ಆಗಿ ಬಂದದ್ದನ್ನು ಮತ್ತೆ ಯಾರಿಗೂ ಟ್ರೇಡ್ ಮಾಡಲಾಗುವುದಿಲ್ಲ. ಇಲ್ಲಿ ದಲಾಲಿಗೆ ಜಾಗವೇ ಇಲ್ಲ. ‘ಈಗ ತಗೊಂಡಿಟ್ಟು ಆಮೇಲೆ ಇದಕ್ಕಿಂತ ದೊಡ್ಡದಕ್ಕೆ ಬದಲಿಸುತ್ತೇನೆ’ ಎಂದು ನಿನ್ನ ಗೆಳೆಯ ಹೇಳಿದರೆ ಅವನಿಗೆ ನಿಯಮವೇ ಗೊತ್ತಿಲ್ಲ. ತಗೊಂಡ ಮೇಲೆ ಅದರ ಮಾರುಕಟ್ಟೆ ಬೆಲೆ ಸೊನ್ನೆ. ನಿನಗೆ ಆಡಲಿಕ್ಕೆ, ಸಾಕಲಿಕ್ಕೆ, ನೋಡಿ ಖುಷಿಪಡಲಿಕ್ಕೆ ಬೇಕಾದದ್ದನ್ನಷ್ಟೇ ತಗೋ. ಮ್ಯೂ, ಸೆಲೆಬಿಯಂಥವನ್ನು ಕೊಡುತ್ತೇನೆ ಎಂದು ಯಾರಾದರೂ ಆಸೆ ತೋರಿಸಿದರೆ ಅಲ್ಲಿಂದ ಎದ್ದು ಬಾ. ಅವು ಕೈ ಬದಲಾಗುವುದೇ ಇಲ್ಲ.

ಇನ್ನು ರೊಕ್ಕದ ಮಾತು. ಪ್ರಾಣಿಗೆ ನಿಜವಾದ ಹಣದ ಬೆಲೆ ಕಟ್ಟಿದ ಆಟವೂ ಒಂದಿದೆ, ವಿಯೆಟ್ನಾಮಿನ ಕಂಪನಿ ಮಾಡಿದ ಆಕ್ಸಿ ಇನ್ಫಿನಿಟಿ. ಆಗ ಮೂರು ಆಕ್ಸಿಗಳನ್ನು ಕೊಂಡರೆ ಮಾತ್ರ ಒಳಗೆ ಪ್ರವೇಶ ಇತ್ತು. 2021ರಲ್ಲಿ ಆ ಮೂರಕ್ಕೆ ನೂರಾರು ಡಾಲರ್ ಆಯಿತು. ಫಿಲಿಪ್ಪೀನ್ಸಿನಲ್ಲಿ ಕೆಲಸ ಕಳೆದುಕೊಂಡವರು ಬೇರೆಯವರ ಆಕ್ಸಿಗಳನ್ನು ಪಾಲಿಗೆ ತಗೊಂಡು ದಿನವಿಡೀ ಆಡಿ, ಗಳಿಸಿದ್ದರಲ್ಲಿ ಭಾಗ ಕೊಟ್ಟು ಅಕ್ಕಿ ಬೇಳೆ ತಂದರು. ಆದರೆ ಒಂದೊಂದು ಆಕ್ಸಿಯೂ ಏಳು ಸಲದವರೆಗೆ ಮರಿ ಹಾಕಬಹುದಿತ್ತು. ಹೊಸಬರು ಬರುವವರೆಗೆ ಮರಿಗಳಿಗೆ ಗಿರಾಕಿ. ಬರುವುದು ನಿಧಾನವಾದ ಕೂಡಲೇ ಎಲ್ಲೆಲ್ಲೂ ಮರಿಗಳೇ. ಬೆಲೆ ಕುಸಿಯಿತು. 2022ರ ಮಾರ್ಚಿನಲ್ಲಿ ಅದರ ಜಾಲಕ್ಕೇ ಕನ್ನ ಹಾಕಿ 60 ಕೋಟಿ ಡಾಲರಿಗೂ ಹೆಚ್ಚು ದೋಚಿದರು. ನಮ್ಮಲ್ಲಿ ಆ ಬಗೆಯ ಆಸ್ತಿಯ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ನೂರಕ್ಕೆ 30 ತೆರಿಗೆ ಬೇರೆ. ನೀನು ಆಡುವ ಆಟದಲ್ಲಿ ಹಣಕ್ಕೆ ಖಾತೆ ಮಾರುವುದು ನಿಯಮಕ್ಕೇ ವಿರುದ್ಧ. ಖಾತೆ ಮುಚ್ಚಿದರೆ ಕೇಳುವವರಿಲ್ಲ. ಕೂತಲ್ಲೇ ಜಿಪಿಎಸ್‌ಗೆ ಮೋಸ ಮಾಡಿ ನ್ಯೂಜಿಲೆಂಡಿನ ಪ್ರಾಣಿ ಹಿಡಿದವರು ಅಗ್ಗಕ್ಕೆ ಕೊಡಲು ಬರುತ್ತಾರೆ. ಆ ಅಗ್ಗವೂ ನಮಗೆ ಬೇಡ.

ಇನ್ನು ಟ್ರೇಡಿಗೆ ತೆರಬೇಕಾದ ಸ್ಟಾರ್‌ಡಸ್ಟ್. ಬೆಲೆ ಕಟ್ಟುವಾಗ ಇದನ್ನು ಮರೆತರೆ ಲೆಕ್ಕವೆಲ್ಲ ತಲೆಕೆಳಗು. ನಿನ್ನ ಪೋಕೆಡೆಕ್ಸಿನಲ್ಲಿ ಇಲ್ಲದ ಮಾಮೂಲು ಪೋಕೆಮಾನ್ ಒಂದನ್ನು ಹೊಸ ಸ್ನೇಹಿತನಿಂದ ತಗೊಂಡರೆ 20,000. ಅದೇ ಬೆಸ್ಟ್ ಫ್ರೆಂಡಿನಿಂದ ಆದರೆ 800. ನಿನ್ನಲ್ಲಿಲ್ಲದ ಶೈನಿಯೋ ಲೆಜೆಂಡರಿಯೋ ಆದರೆ ಹೊಸ ಸ್ನೇಹಿತನಿಗೆ 10 ಲಕ್ಷ, ಬೆಸ್ಟ್ ಫ್ರೆಂಡಿಗೆ 40,000. ಅದೂ ದಿನಕ್ಕೆ ಒಂದೇ. ದಿನಕ್ಕೊಮ್ಮೆ ಗಿಫ್ಟ್ ತೆರೆದರೆ ಬೆಸ್ಟ್ ಫ್ರೆಂಡ್ ಆಗಲು 90 ದಿನ ಬೇಕು. ಅನಘಾ ಬರುವುದು ಡಿಸೆಂಬರಿಗೆ, ನೀನು ಇವತ್ತೇ ಗಿಫ್ಟ್ ಕಳಿಸಲು ಶುರು ಮಾಡು. ಒಂದು ದಿನ ತಪ್ಪಿದರೆ ಒಂದು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಇಷ್ಟಕ್ಕೂ ಟ್ರೇಡ್ ಬಂದಾಗಿನ ನಿಯಮ ಇಬ್ಬರೂ 100 ಮೀಟರಿನೊಳಗೆ ಇರಬೇಕು ಎಂಬುದು. ಹಬ್ಬಗಳಲ್ಲಿ ಆಗಾಗ ಸಡಿಲಿಸುತ್ತಾರೆ. ಎದುರುಬದುರು ಕೂತೇ ಮಾಡಿ, ಅದಕ್ಕೊಂದು ಮರ್ಯಾದೆ ಇದೆ.

ಕಡೆಯದಾಗಿ ಒಂದು ವಿಷಯ, ನೀನು ಕೇಳದೆ ಇದ್ದದ್ದು. ಪಾರ್ಕಿನಲ್ಲಿ ಅಮ್ಮನ ಫೋನು ಹಿಡಿದು ಆಡುವ ಪುಟ್ಟ ಕೂಸೊಂದು ನಿನ್ನ ಟೋಪಿ ಪಿಕಾಚು ನೋಡಿ ಆಸೆಪಟ್ಟು, ಬದಲಿಗೆ ತನ್ನ ಶೈನಿ ರೇಕ್ವಾಜಾ ಕೊಡುತ್ತೇನೆ ಎಂದೀತು. ಹೀಗೆ ಆಗೇ ಆಗುತ್ತದೆ, ಸಣ್ಣ ಮಕ್ಕಳಿಗೆ ಪಿಕಾಚುವಿಗಿಂತ ದೊಡ್ಡದು ಯಾವುದೂ ಇಲ್ಲ. ಅವಳೇ ಕೇಳಿದ್ದಲ್ಲವೇ, ಅವಳಿಗೆ ಖುಷಿಯಲ್ಲವೇ ಎಂದು ನಿನ್ನ ಮನಸ್ಸು ವಾದ ಹೂಡುತ್ತದೆ. ಆ ವಾದದಲ್ಲಿ ಹುರುಳೂ ಇದೆ, ಅದೇ ಕಷ್ಟ. ಆದರೆ ನೆನಪಿಡು, ಒಮ್ಮೆ ಕೈ ದಾಟಿದ್ದು ಅವಳಿಗೆ ವಾಪಸು ಹೋಗಲಾರದು. ನಾಳೆ ನಿನಗೇ ಪಶ್ಚಾತ್ತಾಪ ಬಂದರೂ ಆಟ ಬಿಡುವುದಿಲ್ಲ. ಕನ್ಫರ್ಮ್ ಒತ್ತುವ ಮೊದಲು ಎರಡೂ ಪೋಕೆಮಾನುಗಳು ಪರದೆಯ ಮೇಲೆ ಎದುರುಬದುರು ನಿಲ್ಲುತ್ತವಲ್ಲ, ಅಲ್ಲಿ ಯಾರು ಬೇಕಾದರೂ ರದ್ದು ಮಾಡಬಹುದು. ಅಲ್ಲಿಯೇ ನಿಲ್ಲಿಸು. ಅವಳ ಅಮ್ಮನನ್ನು ಕರೆದು, ಈ ಹಸಿರು ಹಾವು ಕಪ್ಪಾಗಿ ಸಿಗಬೇಕಾದರೆ ಎಷ್ಟು ರೇಡ್ ಮಾಡಬೇಕು, ಇಪ್ಪತ್ತರಲ್ಲಿ ಒಂದು ಬಂದರೆ ಪುಣ್ಯ ಎಂದು ಹೇಳು. ಕೇಳಿದ ಮೇಲೂ ಕೂಸು ಪಿಕಾಚುವೇ ಬೇಕೆಂದು ಹಟ ಹಿಡಿದರೆ ಪಿಕಾಚು ಕೊಡು. ಬದಲಿಗೆ ಅವಳ ಚೀಲದಲ್ಲಿ ಮೂರು ನಾಲ್ಕು ಇರುವ ಯಾವುದಾದರೂ ಒಂದನ್ನು ತಗೋ.